ನಿಧಾನ ಮಾತಿನ ವರ

ಹೆಣ್ಣು ನೋಡಲು ಭದ್ರಾವತಿಯಿಂದ ಬಂದ ಗೋವಿಂದ ಜಟಕಾದಿಂದ ಇಳಿದಾಗ ಅವನ ಸೊಂಟದ ಮೇಲೆ ನಾಲ್ಕು ವರ್ಷದ ಹುಡುಗಿಯೊಬ್ಬಳು ಕೂತಿದ್ದಳು. ಕಿಟಕಿಯ ಹಿಂದಿದ್ದ ಪದ್ಮ ಗಾಬರಿಯಿಂದ ಅಜ್ಜಿಯ ಕಡೆ ತಿರುಗಿದಳು.

"ಅಜ್ಜಿ, ಎರಡನೇ ಸಂಬಂಧವಾ?"

"ಅಕ್ಕನ ಮಗಳು ಜಲಜಿಯಂತೆ, ಮಾರಾಯ್ತಿ. ಅಕ್ಕ ಬಾಣಂತಿ, ಮಗು ಮಾಮನ್ನ ಬಿಟ್ಟಿರಲ್ಲವಂತೆ. ಸೆರಗು ಸರಿ ಮಾಡ್ಕೊ."

ದುರ್ಗಿಗುಡಿಯ ಆ ಪುಟ್ಟ ಮನೆಯಲ್ಲಿ ಗೋವಿಂದ ಚಾಪೆಯ ಮೇಲೆ ಕೂತ. ಜಲಜಿ ಅವನ ತೊಡೆಯ ಮೇಲೆ. ಜೊತೆಗೆ ಬಂದಿದ್ದ ಚಿಕ್ಕಪ್ಪ ನಶ್ಯ ಏರಿಸುವುದರಲ್ಲೇ ಮಗ್ನ.

"ಕಾರ್ಖಾನೆಯಲ್ಲಿ ಏನು ಕೆಲಸ?" ಪದ್ಮಳ ಅಪ್ಪ ಮೂರ್ತಪ್ಪ ಕೇಳಿದರು.

ಗೋವಿಂದ ಉಸಿರೆಳೆದುಕೊಂಡ. "ಸ್ಟೋರ್ಸಲ್ಲಿ..." ಅಂದ. ನಿಂತ. ಮುಗುಳ್ನಕ್ಕ. "ಕ್ಲರ್ಕು."

ಇನ್ನೇನೋ ಬರುತ್ತದೆಂದು ಮೂರ್ತಪ್ಪ ಕಾದರು. ಬರಲಿಲ್ಲ.

"ಪ್ರಯಾಣ ಹೇಗಿತ್ತು?"

"ರೈಲು... ಸ್ವಲ್ಪ... ತಡ."

"ಪಾಪ, ರೈಲನ್ನ ಯಾಕೆ ಅನ್ನೋದು," ಎಂದು ಮೂರ್ತಪ್ಪ ಗೊಣಗಿದರು.

ಪದ್ಮ ಕಾಫಿ ತಂದಳು. ಗೋವಿಂದನ ಮಾತಿನ ನಿಧಾನ ಅವನ ನೋಟಕ್ಕೂ ಇತ್ತು. ಮೊದಲು ಲೋಟ, ಆಮೇಲೆ ಬಳೆ, ಆಮೇಲೆ ಯಾವ ಅವಸರವೂ ಇಲ್ಲದೆ ಅವಳ ಮುಖ. ಅಜ್ಜಿಯ ಕಥೆಯಲ್ಲೊಬ್ಬ ರಾಜಕುಮಾರನಿದ್ದ, ಬಾಯಿ ಬಿಟ್ಟರೆ ಮುತ್ತು ಉದುರೀತೆಂದು ಅಳೆದು ಮಾತಾಡುವವನು. ಇವನೇ ಇರಬೇಕು ಅಂದುಕೊಂಡಳು.

ಅಪ್ಪನಿಗೆ ಮುತ್ತು ಕಾಣಿಸಲಿಲ್ಲ. ಅಡುಗೆಮನೆಗೆ ಬಂದು, "ಹುಡುಗ ಮಂದ. ಉಪ್ಪಿಟ್ಟು ಕೊಟ್ಟು ಕಳಿಸಿಬಿಡಿ," ಅಂದರು.

ಪದ್ಮಳ ಕಣ್ಣು ತುಂಬಿತು. ಅದನ್ನು ಕಂಡ ಅಜ್ಜಿ, ಅವರನ್ನು ಕಳಿಸುವುದು ಸ್ವಲ್ಪ ತಡವಾಗಲೆಂದು, ಕರು ತೋರಿಸುವ ನೆಪದಲ್ಲಿ ಜಲಜಿಯನ್ನು ಹಿತ್ತಲಿಗೆ ಕರೆದೊಯ್ದರು.

ಮೂರ್ತಪ್ಪ ಚಾಪೆಗೆ ಮರಳಿದರು. ಮಗು ಬಾಗಿಲು ದಾಟಿದ್ದೇ ತಡ, ಗೋವಿಂದನ ಬಾಯಿಗೆ ಚಕ್ರ ಬಂತು.

"ತಪ್ಪು ತಿಳ್ಕೋಬೇಡಿ ಸಾರ್, ಜಲಜಿಗೆ ಮಾತು ತಡೆಯುತ್ತೆ, ಎಲ್ಲರೂ ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ರು, ಬೇಗ ಹೇಳು ಬೇಗ ಹೇಳು ಅಂತ ಗದರಿಸಿದ್ರು, ಕೊನೆಗೆ ಅವಳು ಬಾಯೇ ಬಿಡದ ಹಾಗಾದ್ಳು, ನೀವೇ ನಿಧಾನ ಮಾತಾಡಿ, ಅವಳ ಮಾತು ನೀವು ಮುಗಿಸಬೇಡಿ ಅಂತ ಡಾಕ್ಟರು ಹೇಳಿದ್ರು, ಅದಕ್ಕೇ ಅವಳೆದುರು ಹಾಗೆ, ಇಲ್ಲಾಂದ್ರೆ ನಾನು..."

"ಗೊತ್ತಾಯ್ತು, ಉಸಿರು ತಗೊಳ್ಳಿ," ಅಂದರು ಮೂರ್ತಪ್ಪ. "ಇದು ಅದಕ್ಕಿಂತ ಕಷ್ಟ."

ಬಾಗಿಲ ಮರೆಯಲ್ಲಿ ಪದ್ಮ ಸೆರಗಿನಿಂದ ನಗು ಮುಚ್ಚಿಕೊಂಡಳು. ಗೋವಿಂದ ಅದನ್ನು ಕಂಡು ಕಿವಿಯವರೆಗೆ ಕೆಂಪಾದ.

ಅಷ್ಟರಲ್ಲಿ ಜಲಜಿ ಓಡಿ ಬಂದು ನೇರ ಪದ್ಮಳೆದುರು ನಿಂತಳು.

"ನೀ... ನೀ..."

"ನೀರು ಬೇಕೇನಮ್ಮ?" ಅಂದರು ಚಿಕ್ಕಪ್ಪ.

"ಹೆಸರು ಕೇಳ್ತಿದಾಳೆ," ಅಂದರು ಮೂರ್ತಪ್ಪ.

ಗೋವಿಂದ ಪದ್ಮಳನ್ನಷ್ಟೇ ನೋಡಿದ, ಬೇಡುವವನ ಹಾಗೆ. ಪದ್ಮ ನೆಲದ ಮೇಲೆ ಕೂತು ಮಗುವಿನ ಕಣ್ಣಿಗೆ ಕಣ್ಣು ಸಮ ಮಾಡಿದಳು. ಕಾದಳು. ಎಲ್ಲರ ಕಾಫಿ ಆರಿತು.

"ನೀನು ನ... ನ... ನಮ್ಮನೆಗೆ ಬರ್ತೀಯಾ?"

ಮೂರ್ತಪ್ಪ ಕೆಮ್ಮಿದರು. ಇಂಥ ಮಾತಿಗೆ ದೊಡ್ಡವರು ಉತ್ತರ ಹೇಳಬೇಕು, ಹೆಣ್ಣಲ್ಲ. ಆದರೆ ಇಷ್ಟು ಕಷ್ಟಪಟ್ಟು ಕೇಳಿದ ಮಗುವನ್ನು ಸುಮ್ಮನೆ ನಿಲ್ಲಿಸುವುದು ಹೇಗೆ?

"ಬರ್ತೀನಿ," ಅಂದಳು ಪದ್ಮ ನಿಧಾನವಾಗಿ. "ನಿನ್ನ ಮಾಮ... ಕರ್ಕೊಂಡು ಹೋದ್ರೆ."

ಗೋವಿಂದ ಬಾಯಿ ತೆರೆದ. ವೇಗದ ಮಾತೂ ಬರಲಿಲ್ಲ, ನಿಧಾನದ್ದೂ ಬರಲಿಲ್ಲ.

ಜಲಜಿ ಅವನ ಮಂಡಿ ತಟ್ಟಿದಳು. "ಅ... ಅವಸರ ಇಲ್ಲ, ಮಾಮ."

ಮೂರ್ತಪ್ಪ ಮಗಳ ಮುಖವನ್ನು ಒಂದು ಗಳಿಗೆ ನೋಡಿದರು.

"ಅವಸರ ಇದೆ," ಅಂದರು. "ರಾಹುಕಾಲ ಬರುತ್ತೆ. ಎಲೆ ಅಡಿಕೆ ತನ್ನಿ."