ಪೂಜೆಗಿಟ್ಟ ಪವರ್ ಸಪ್ಲೈ

ಅಕ್ಟೋಬರ್ 19, 2023, ಗುರುವಾರ. ಬೆಳಗ್ಗೆ ಎಂಟೂವರೆಗೆ ಸ್ಯಾನ್ ಡಿಯಾಗೋದ ಪೊಲೀಸ್ ಠಾಣೆಗೆ ಹುಬ್ಬು ಸುಟ್ಟುಕೊಂಡ ಯುವಕನೊಬ್ಬ ಬಂದು ದೂರು ಕೊಡಬೇಕೆಂದ. ಹೆಸರು ವಿಕ್ರಮ್, ಊರು ಧಾರವಾಡ, ಇಲ್ಲಿ ಎಂ.ಎಸ್. ಓದುತ್ತಿದ್ದ. ಹಿಂದಿನ ದಿನ ಮಧ್ಯಾಹ್ನ ಅವನ ರೂಮ್‌ಮೇಟ್ ಗಗನ್, ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ತರಿಸಿದ್ದ ಪವರ್ ಸಪ್ಲೈಯನ್ನು ಕಂಪ್ಯೂಟರಿಗೆ ಜೋಡಿಸಿ ಸ್ವಿಚ್ ಹಾಕಿದ್ದ. ಅದು ಸಿಡಿದು ಕಿಟಕಿಯ ಪರದೆಗೆ ಬೆಂಕಿ ಹತ್ತಿತು. ಈಗ ಗಗನ್ ಸುಟ್ಟಗಾಯದ ವಾರ್ಡಿನಲ್ಲಿ ವೆಂಟಿಲೇಟರ್ ಮೇಲಿದ್ದ.

ಕನ್ನಡ ಬರುತ್ತದೆ ಎಂಬ ಕಾರಣಕ್ಕೆ ದೂರು ಡಿಟೆಕ್ಟಿವ್ ಅರುಂಧತಿಯ ಮೇಜಿಗೆ ಬಂತು. ಒಂಬತ್ತನೇ ವಯಸ್ಸಿಗೆ ಮೈಸೂರು ಬಿಟ್ಟವಳು; ಮನೆಯ ಕನ್ನಡವನ್ನು ಮಾತ್ರ ಬಿಟ್ಟಿರಲಿಲ್ಲ. ನಮ್ಮ ಕಡೆ ಎಫ್‌ಐಆರ್ ಅನ್ನುವುದಕ್ಕೆ ಇಲ್ಲಿ ರಿಪೋರ್ಟ್ ಎಂಬ ಸಪ್ಪೆ ಹೆಸರು. ಹೆಸರು ಯಾವುದಾದರೇನು, ಎದುರಿಗೆ ಕೂತ ಹುಡುಗನ ಅಂಗಿಯಿಂದ ಇನ್ನೂ ಹೊಗೆಯ ವಾಸನೆ ಬರುತ್ತಿತ್ತು.

"ಯಾರ ಹತ್ರ ತಗೊಂಡಿದ್ದು?"

"ಓಂಪ್ರಕಾಶ್ ಅಂತ್ರಿ ಮೇಡಂ. ಖರೇ ಅಂದ್ರ ಅವನ ಮಾರಿ ಯಾರೂ ನೋಡಿಲ್ಲ. ಇಲ್ಲಿನ ಕನ್ನಡ ವಾಟ್ಸಾಪ್ ಗ್ರೂಪಿನ್ಯಾಗ ಫಾರ್ವರ್ಡ್ ಬಂದಿತ್ತು."

"ಗೊತ್ತಿಲ್ಲದವರನ್ನ ಹೇಗೆ ನಂಬಿದ್ರಿ?"

"ಮೆಸೇಜ್ ಕನ್ನಡದಾಗ ಇತ್ತಲ್ರಿ. ನಮ್ಮವರ ಅಂದ್ಕೊಂಡ ಗಗನ್."

ಅರುಂಧತಿ ಮೆಸೇಜ್ ಓದಿದಳು. "ನವರಾತ್ರಿ ವಿಶೇಷ. ಹಬ್ಬಕ್ಕೆ ಮುಂಚೆ ಮನೆ ಬಾಗಿಲಿಗೆ. ಡಬ್ಬಿ ಒಡೆಯದೆ ಪೂಜೆಗಿಡಿ, ವಿಜಯದಶಮಿಯಂದು ಆರಂಭಿಸಿ. ಶುಭವಾಗಲಿ." ಕೆಳಗೆ ಒಂದು ಮಾರಾಟದ ಆ್ಯಪ್‌ನ ಲಿಂಕ್ ಇತ್ತು.

"ಗಗನ್ ಪೂಜೆಗಿಡಲಿಲ್ವಾ?"

"ಅವನ ಹಳೇದು ಕೆಟ್ಟಿತ್ತು. ಥೀಸಿಸ್ ಕೆಲಸ ನಿಂತಿತ್ತು. ದೇವ್ರು ತಡೀತಾನ, ಪ್ರೊಫೆಸರ್ ತಡಿಯಂಗಿಲ್ಲ ಅಂತ ನಕ್ಕೊಂತ ಜೋಡಿಸಿದ." ಅಷ್ಟು ಹೇಳಿ ವಿಕ್ರಮ್ ಅತ್ತುಬಿಟ್ಟ.

ಮಧ್ಯಾಹ್ನ ಅಗ್ನಿಶಾಮಕ ದಳದ ತನಿಖಾಧಿಕಾರಿ ಸುಟ್ಟ ಪವರ್ ಸಪ್ಲೈಯನ್ನು ಬಿಚ್ಚಿ ತೋರಿಸಿದ. ಹೊರಗೆ ಹೆಸರಾಂತ ಕಂಪನಿಯ ನಕಲಿ ಸ್ಟಿಕರ್. ಒಳಗೆ ಅಂಗೈಯಗಲದ ಸರ್ಕ್ಯೂಟು. ಕೈಗೆ ಭಾರ ಸಿಗಲೆಂದು ಪಕ್ಕದಲ್ಲಿ ಒಂದು ಸಿಮೆಂಟ್ ಬಿಲ್ಲೆ. ಹೆಚ್ಚು ಕರೆಂಟ್ ಹರಿದರೆ ತಡೆಯುವ ಭಾಗಗಳು ಒಂದೂ ಇರಲಿಲ್ಲ.

"ಬೇರೆ ಯಾರೂ ಕೊಂಡಿಲ್ಲವೇ? ಒಂದೇ ದೂರು ಬಂದಿದೆಯಲ್ಲ," ಎಂದ ಜೊತೆಯ ಸಾರ್ಜೆಂಟ್ ಮೊರಾಲೆಸ್.

"ಕೊಂಡಿದ್ದಾರೆ. ತೆರೆದಿಲ್ಲ, ಅಷ್ಟೇ."

ಆಯುಧಪೂಜೆ ಎಂದರೇನೆಂದು ಅರುಂಧತಿ ಅವನಿಗೆ ಬಿಡಿಸಿ ಹೇಳಿದಳು. ಹೊಸ ಸಾಮಾನು ದೇವರ ಮುಂದೆ ಕೂರುತ್ತದೆ, ಕುಂಕುಮ ಹಚ್ಚುತ್ತಾರೆ, ವಿಜಯದಶಮಿಯವರೆಗೆ ಮುಟ್ಟುವುದಿಲ್ಲ. ಆ್ಯಪ್‌ನಲ್ಲಿ ದೂರಿಗೆ ಇರುವುದು ಮೂರೇ ದಿನ. ಆಮೇಲೆ ಹಣ ಮಾರಿದವನ ಕೈಸೇರುತ್ತದೆ. ಇದನ್ನು ಮಾರಿದವನಿಗೆ ಆ ನಿಯಮವೂ ಗೊತ್ತು, ಈ ಹಬ್ಬವೂ ಗೊತ್ತು.

"ಅಂದರೆ ನಿಮ್ಮವನೇ."

"ನಮ್ಮವನೇ. ಬರುವ ಮಂಗಳವಾರ, ವಿಜಯದಶಮಿ ಬೆಳಗ್ಗೆ ಎಲ್ಲರೂ ಸ್ವಿಚ್ ಹಾಕ್ತಾರೆ."

ಆ್ಯಪ್ ಕಂಪನಿಗೆ ಮಾರಿದವನ, ಕೊಂಡವರ ವಿವರ ಕೇಳಿ ವಾರಂಟ್ ಹೋಯಿತು. ಅವರ ವಕೀಲರು ಒಂದು ವಾರ ಸಮಯ ಕೇಳಿದರು. ಇಲಾಖೆ ಇಂಗ್ಲಿಷಿನಲ್ಲಿ ಒಂದು ಪ್ರಕಟಣೆ ಹೊರಡಿಸಿತು. ಗೊಂಬೆ ಕೂರಿಸಿ ಹಬ್ಬದ ಗಡಿಬಿಡಿಯಲ್ಲಿರುವ ಮನೆಗಳಲ್ಲಿ ಅದನ್ನು ಓದುವವರು ಯಾರು? ಕನ್ನಡ ಗ್ರೂಪಿನಲ್ಲಿ ಮೆಸೇಜ್ ಹಾಕುವ ಅಧಿಕಾರ ಅಡ್ಮಿನ್‌ಗೆ ಮಾತ್ರ ಇತ್ತು. ಅಡ್ಮಿನ್ ನರಹರಿ, ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನವರು, ನಿವೃತ್ತಿಯ ಅಂಚಿನ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. "ಆನ್‌ಲೈನ್ ಮೋಸದಿಂದ ಪಾರಾಗುವುದು ಹೇಗೆ" ಎಂದು ಪ್ರತಿವರ್ಷ ಕನ್ನಡಿಗರಿಗೆ ಪಾಠ ಮಾಡುತ್ತಿದ್ದ ಮನುಷ್ಯ. ಓಂಪ್ರಕಾಶನ ಜಾಹೀರಾತನ್ನು ಯಾರೋ ಕಳಿಸಿದ್ದನ್ನು ಹಾಗೇ ದಾಟಿಸಿದೆ, ತಪ್ಪಾಯಿತು ಎಂದು ಫೋನಿನಲ್ಲಿ ನೊಂದುಕೊಂಡರು.

"ಒಂದೇ ಸಾಲು ಹಾಕಿ ಅಂಕಲ್," ಎಂದಳು ಅರುಂಧತಿ. "ಆ ಪವರ್ ಸಪ್ಲೈ ಆನ್ ಮಾಡಬೇಡಿ, ಪೊಲೀಸರಿಗೆ ಫೋನ್ ಮಾಡಿ ಅಂತ."

"ಖಂಡಿತ ಹಾಕ್ತೀನಮ್ಮ. ಇದು ನನ್ನ ಕರ್ತವ್ಯ."

ಸಂಜೆ ವಿಕ್ರಮ್‌ನ ಫೋನಿಗೆ ಗ್ರೂಪಿನ ಮೆಸೇಜ್ ಬಂತು. ಸೊಗಸಾಗಿತ್ತು. ಮಾರುವವರ ಹಳೆಯ ರೇಟಿಂಗ್ ನೋಡಿ. ಪೇಟೆಗಿಂತ ತೀರಾ ಅಗ್ಗವಿದ್ದರೆ ಅನುಮಾನಿಸಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ಹಣವನ್ನು ಆ್ಯಪ್ ಬಿಟ್ಟು ಹೊರಗೆ ಕಳಿಸಬೇಡಿ. ಎಲ್ಲವೂ ಸರಿಯಾದ ಮಾತೇ. ಅವಳು ಕೇಳಿದ್ದ ಸಾಲು ಮಾತ್ರ ಇರಲಿಲ್ಲ.

ಶುಕ್ರವಾರ ಮತ್ತೆ ಫೋನ್ ಮಾಡಿದಳು.

"ಅಷ್ಟು ನೇರವಾಗಿ ಹೇಳಿದ್ರೆ ಜನ ಹಬ್ಬದಲ್ಲಿ ಗಾಬರಿ ಆಗ್ತಾರಮ್ಮ," ಎಂದರು ನರಹರಿ.

"ಗಾಬರಿ ಆಗಲಿ ಅಂಕಲ್. ಒಬ್ಬ ಸಾಯೋ ಹಾಗಿದ್ದಾನೆ."

"ನೋಡೋಣ, ನೋಡೋಣ."

ಎಂಜಿನಿಯರ್ ಆದವನು ಬೆಂಕಿಯ ವಿಷಯಕ್ಕೆ ನೋಡೋಣ ಅನ್ನುತ್ತಾನೆಯೇ? ಅರುಂಧತಿ ಗ್ರೂಪಿನವರ ಕೆಲವು ಫೋಟೋ ತೆಗೆಸಿಕೊಂಡಳು. ವಿಕ್ರಮ್ ತನ್ನ ಪರಿಚಯದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದ. ಅವಳು ಕಾರು ಹತ್ತಿದಳು.

ಪಾರ್ಸೆಲ್‌ನ ಮೇಲಿದ್ದ ವಿಳಾಸ ಲಾಸ್ ಏಂಜಲೀಸ್ ಬಳಿಯ ರೆಡೊಂಡೊ ಬೀಚ್‌ನಲ್ಲಿ ಅಂಚೆ ಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಯದು. ಶನಿವಾರ ಬೆಳಗ್ಗೆ ಅಂಗಡಿಯವಳ ಮುಂದೆ ಅರುಂಧತಿ, ಮೊರಾಲೆಸ್ ಆರು ಜನರ ಫೋಟೋ ಹರಡಿದರು. ನಾಲ್ಕನೆಯದರ ಮೇಲೆ ಆಕೆ ಬೆರಳಿಟ್ಟಳು. "ಇವರೇ. ತುಂಬ ಮರ್ಯಾದಸ್ಥರು. ಬಂದಾಗಲೆಲ್ಲ ನನ್ನ ಮಗಳನ್ನು ವಿಚಾರಿಸುತ್ತಾರೆ."

ಅದು ನರಹರಿಯ ಫೋಟೋ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಎಂದು ಅರುಂಧತಿಯ ಅಜ್ಜಿ ಹೇಳುತ್ತಿದ್ದದ್ದು ಇಂಥವರಿಗೇ.

ವಾರಾಂತ್ಯವಾದ್ದರಿಂದ ನರಹರಿಯ ಮನೆ ಶೋಧಿಸುವ ವಾರಂಟಿಗೆ ನ್ಯಾಯಾಧೀಶರ ಸಹಿ ಸಿಕ್ಕಿದ್ದು ಸೋಮವಾರ ಬೆಳಗ್ಗೆ. ಅಂದು ಆಯುಧಪೂಜೆ. ಲಾಸ್ ಏಂಜಲೀಸ್ ಪೊಲೀಸರ ಜೊತೆ ಅವರು ಹೋದಾಗ ಬಾಗಿಲು ತೆರೆದದ್ದು ನರಹರಿಯ ಹೆಂಡತಿ ಹರಿಣಿ, ಕೈಯಲ್ಲಿ ಕೋಸಂಬರಿಯ ಬಟ್ಟಲು. ಗ್ಯಾರೇಜಿನಲ್ಲಿ ಸುತ್ತಿಗೆ, ಡ್ರಿಲ್ಲು, ಗರಗಸಗಳಿಗೆಲ್ಲ ಕುಂಕುಮವಿಟ್ಟು ಚೆಂಡುಹೂ ಮುಡಿಸಿತ್ತು. ಕಾರಿನ ಹೊದಿಕೆಯ ಕೆಳಗೆ, ಹನ್ನೆರಡು ಎಂದು ಅಚ್ಚಾಗಿದ್ದ ರಟ್ಟಿನ ಪೆಟ್ಟಿಗೆಯಲ್ಲಿ, ಮೂರು ಪವರ್ ಸಪ್ಲೈ ಉಳಿದಿದ್ದವು. ಅವುಗಳಲ್ಲಿ ಒಂದನ್ನು ಗರಗಸದಿಂದ ಕೊಯ್ದಿತ್ತು. ಸಿಮೆಂಟ್ ಬಿಲ್ಲೆ ಕಾಣುತ್ತಿತ್ತು. ಒಳಗೆ ಏನಿದೆಯೆಂದು ನೋಡಿದ ಮೇಲೆಯೇ ನರಹರಿ ಮಾರಿದ್ದರು. ಅರುಂಧತಿಗೆ ಅಲ್ಲಿಯವರೆಗೆ ಇದ್ದ ಚೂರುಪಾರು ಕನಿಕರವೂ ಆರಿಹೋಯಿತು.

ಪಂಚನಾಮೆಗೆ ಸಮನಾದ ಜಪ್ತಿಪತ್ರ ಮುಗಿಸಿ, 11.40ಕ್ಕೆ ನರಹರಿಯನ್ನು ಬಂಧಿಸಿದರು. ಹರಿಣಿ ಬಟ್ಟಲು ಹಿಡಿದೇ ನಿಂತಿದ್ದಳು.

ವಿಚಾರಣಾ ಕೋಣೆಯಲ್ಲಿ ಆರೋಪಿಯ ಹಕ್ಕುಗಳನ್ನು ಓದಿ ಹೇಳಿದರು. ವಕೀಲರು ಬೇಡ ಎಂದರು ನರಹರಿ.

"ಕೊಂಡವರು ಯಾರು ಯಾರು?"

ಏಳು ಹೆಸರು, ಏಳು ಊರು, ತಡವರಿಸದೆ ಹೇಳಿದರು. ಎಲ್ಲರೂ ಅವರ ಪಾಠ ಕೇಳಿದವರೇ. ಮೊರಾಲೆಸ್ ಹೊರಗೆ ಹೋಗಿ ಎಲ್ಲರಿಗೂ ಫೋನ್ ಮಾಡಿಸಿದ.

"ನಿಮ್ಮ ಹತ್ರ ಮೂರು, ಇವರ ಹತ್ರ ಏಳು, ಗಗನ್‌ದು ಒಂದು. ಹನ್ನೆರಡನೇದು ಎಲ್ಲಿ?"

ನರಹರಿ ಕನ್ನಡಕ ತೆಗೆದು ಒರೆಸತೊಡಗಿದರು.

"ಅಂಕಲ್, ಯಾರ ಮನೇಲಿದೆ?"

"ನನಗೂ ಮೋಸ ಆಗಿತ್ತಮ್ಮ," ಎಂದರು ನರಹರಿ. "ಹುಡುಗರಿಗೆ ಅಗ್ಗಕ್ಕೆ ಕೊಡಿಸೋಣ, ನಾಲ್ಕು ಜನ ಭೇಷ್ ಅಂತಾರೆ ಅಂತ ಯಾವುದೋ ವೆಬ್‌ಸೈಟಲ್ಲಿ ತರಿಸಿದೆ. ಕೊಯ್ದು ನೋಡಿದ್ರೆ ಸಿಮೆಂಟು. ವೆಬ್‌ಸೈಟೇ ಮಾಯ. ಊರಿಗೆಲ್ಲ ಬುದ್ಧಿ ಹೇಳೋನು ನಾನು. ಯಾವ ಮುಖ ಇಟ್ಕೊಂಡು ಹೇಳ್ಲಿ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ."

"ಬಿಸಾಕಬಹುದಿತ್ತು."

"ಹರಿಣಿ ಕೇಳ್ತಿದ್ಲು, ಆ ಡಬ್ಬಿಗಳೆಲ್ಲ ಏನಾದ್ವು ಅಂತ. ಮಾರಿದೆ ಅನ್ಬೇಕಿತ್ತು. ಓಂಪ್ರಕಾಶ್ ಅಂತ ಸುಳ್ಳು ಹೆಸರಲ್ಲಿ ಹಾಕ್ದೆ."

ಅಷ್ಟರಲ್ಲಿ ಬಾಗಿಲು ಬಡಿದ ಮೊರಾಲೆಸ್, ಅವಳನ್ನು ಹೊರಗೆ ಕರೆದು ಎರಡು ಮಾತು ಹೇಳಿದ. ಅರುಂಧತಿ ಮರಳಿ ಬಂದು ಕುಳಿತಳು.

"ಗಗನ್ ತೀರಿಕೊಂಡ. ಹತ್ತು ನಿಮಿಷ ಆಯ್ತು. ಈಗ ಹೇಳಿ, ಹನ್ನೆರಡನೇದು."

ನರಹರಿ ಕನ್ನಡಕವನ್ನು ಮೇಜಿನ ಮೇಲಿಟ್ಟರು. "ಸ್ಯಾನ್ ಡಿಯಾಗೋದಲ್ಲೇ, ಸ್ಕ್ರಿಪ್ಸ್ ರ್ಯಾಂಚ್. ಬಾಲಕೃಷ್ಣ ಅಂತ. ನಮ್ಮ ಪ್ರಣತಿನ ಕೊಡ್ತಿರೋ ಮನೆ. ಬೀಗರು... ಆರ್ಡರಲ್ಲಿ ಅವರ ಹೆಸರು ನೋಡ್ದೆ. ಹೇಗೆ ಬೇಡ ಅನ್ಲಿ?"

"ಹೆತ್ತ ಮಗಳು ಸೇರೋ ಮನೆಗೆ ಕಳಿಸಿದ್ರಾ?"

"ನನ್ನ ಹೆಸರು ಹೇಳ್ಬೇಡಿ, ಕೈ ಮುಗೀತೀನಿ."

ಅವಳು ಬಾಲಕೃಷ್ಣರ ನಂಬರ್ ಕೇಳಿ ಒತ್ತಿ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ತಾನು ಯಾರೆಂದು ಹೇಳಿ, ಹೊಸ ಪವರ್ ಸಪ್ಲೈ ಎಲ್ಲಿದೆ ಎಂದು ಕೇಳಿದಳು.

"ಅದಾ ಅಮ್ಮ? ಪೂಜೆ ಆಯ್ತು," ಎಂದಿತು ಆಚೆಯ ತುಂಬು ದನಿ. "ನಾಳೆ ತನಕ ಕಾಯೋ ಅಂದ್ರೆ ನಮ್ಮ ಮಗ ರಾಜೀವ ಕೇಳಲ್ಲ, ಮೇಲೆ ಜೋಡಿಸ್ತಾ ಕೂತಿದ್ದಾನೆ."

"ಪ್ಲಗ್ ಕೀಳಿಸಿ! ಈಗಲೇ, ಓಡಿ!"

ಮೆಟ್ಟಿಲು ಹತ್ತುವ ಸದ್ದು, ಕೂಗು, ಏನೋ ಕೆಳಗೆ ಬಿದ್ದ ಸದ್ದು. ನರಹರಿ ಕಣ್ಣು ಮುಚ್ಚಿದ್ದರು. ಬಹಳ ಹೊತ್ತಾದ ಮೇಲೆ ಏದುಸಿರು ಕೇಳಿತು.

"ಕಿತ್ತೆ ಅಮ್ಮ. ಸ್ವಿಚ್ಚಿನ ಮೇಲೆ ಕೈಯಿಟ್ಟಿದ್ದ. ಏನು ವಿಷಯ?"

ಅವಳು ಹೇಳಿದಳು, ಸತ್ತ ಹುಡುಗನ ವಿಷಯವನ್ನೂ.

"ಅಯ್ಯೋ ಶಿವನೇ. ಈ ಓಂಪ್ರಕಾಶ್‌ನ ನಂಬಬಹುದಾ ಅಂತ ನಮ್ಮ ನರಹರಿಯವರನ್ನ ಕೇಳೇ ತಗೊಂಡಿದ್ದೆ. ನಂಬಬಹುದು ಅಂದಿದ್ರು. ಅಮ್ಮ, ದಯವಿಟ್ಟು ಅವರಿಗೊಂದು ಫೋನ್ ಮಾಡಿ. ಪಾಪ, ಅವರೂ ಒಂದು ತಗೊಂಡಿರಬಹುದು. ಆನ್ ಮಾಡಬೇಡಿ ಅಂತ ಹೇಳಿ."

ನರಹರಿ ಮೇಜಿಗೆ ಹಣೆಯಿಟ್ಟು, ಬಾಯಿಗೆ ಅಂಗೈ ಒತ್ತಿ ಅತ್ತರು. ಅತ್ತದ್ದು ಆಚೆ ಕೇಳಿಸಬಾರದೆಂದು.

"ತಿಳಿಸ್ತೀನಿ," ಎಂದು ಅರುಂಧತಿ ಫೋನ್ ಇಟ್ಟಳು. ಆಮೇಲೆ ವಂಚನೆಯ ಆರೋಪದ ಕೆಳಗೆ ನರಹತ್ಯೆಯ ಆರೋಪವನ್ನೂ ಸೇರಿಸಿ, ಸಹಿ ಹಾಕಿ, ಗಗನ್‌ನ ತಂದೆಯ ನಂಬರ್ ಕೇಳಲು ವಿಕ್ರಮ್‌ಗೆ ಫೋನ್ ಮಾಡಿದಳು.