ಹನ್ನೆರಡನೆಯ ಡಬ್ಬಿ

ತಾರೀಖು ಹದಿನಾಲ್ಕು, ಬೆಳಿಗ್ಗೆ ಎಂಟೂ ಹತ್ತು. ಠಾಣೆಯ ಮೆಟ್ಟಿಲೇರಿದ ದಿನಸಿ ಅಂಗಡಿಯ ಮಾಲೀಕನ ಮುಖದಲ್ಲಿ ರಕ್ತವಿರಲಿಲ್ಲ. ಯಾರೋ ಗೋದಾಮಿಗೆ ನುಗ್ಗಿ, ಎಳೆಮಕ್ಕಳ ಹಾಲುಪುಡಿಯ ಇನ್ನೂರು ಡಬ್ಬಿಗಳಿಗೆ ನೀರು ಸುರಿದು, ಎಲ್ಲವನ್ನೂ ಚರಂಡಿಗೆ ಚೆಲ್ಲಿದ್ದರು.

"ಎದುರು ಅಂಗಡಿಯವರದೇ ಕೆಲಸ ಸಾರ್. ಹೊಟ್ಟೆಕಿಚ್ಚು."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿಕೊಂಡು ಗೋದಾಮಿಗೆ ಹೊರಟರು. ಬಾಯಿಗಿಂತ ಜಾಗ ಹೆಚ್ಚು ನಿಜ ಹೇಳುತ್ತದೆ ಎಂದು ನಂಬಿದ್ದವರು ಅವರು.

ಒಂಬತ್ತೂವರೆಗೆ ಪಂಚನಾಮೆ. ಬೀಗ ಮುರಿದಿರಲಿಲ್ಲ. ನೆಲ ಕನ್ನಡಿಯಂತಿತ್ತು. ಖಾಲಿ ಡಬ್ಬಿಗಳು ಮುಖ ಮುಂದೆ ಮಾಡಿ ಸಾಲಾಗಿ ನಿಂತಿದ್ದವು. ಒರೆಸಿದ ಬಟ್ಟೆಯನ್ನು ಹಿಂಡಿ ಕೊಡವಿ ಒಣಹಾಕಿತ್ತು.

"ಇಂಥ ಕಳ್ಳನ್ನ ನಮ್ಮನೆಗೂ ಒಂದಿನ ಕಳಿಸಿ ಸಾರ್," ಎಂದಳು ಹೆಡ್ ಕಾನ್‌ಸ್ಟೆಬಲ್.

ಇನ್‌ಸ್ಪೆಕ್ಟರ್ ಒಂದು ಡಬ್ಬಿ ತಿರುಗಿಸಿದರು. ತಳದಲ್ಲಿ ತಾರೀಖು ಇರಬೇಕಾದ ಜಾಗವನ್ನು ಚಾಕುವಿನಿಂದ ಕೆರೆದಿತ್ತು. ಇನ್ನೊಂದು ತಿರುಗಿಸಿದರು. ಅದೂ ಹಾಗೆಯೇ.

"ಕೆಡಿಸೋಕೆ ಬಂದವನು ತಾರೀಖು ಯಾಕೆ ಕೆರೀಬೇಕು?"

ಮಾಲೀಕ ಕುಡಿಯಲು ನೀರು ಕೇಳಿದ.

ಅಂಗಡಿಯ ಕಪಾಟುಗಳಲ್ಲೂ ಸಾಮಾನು ಹಾಗೆಯೇ ಮುಖ ಮುಂದೆ ಮಾಡಿ ನಿಂತಿತ್ತು. ಗಲ್ಲಾದಲ್ಲಿ ಕೂರುವ ಹೆಂಗಸನ್ನು ಬೇರೆ ಕರೆದು ಕೇಳಿದರು. "ಹೀಗೆ ಜೋಡಿಸೋದು ನಿಮಗೆ ಯಾರು ಕಲಿಸಿದ್ದಮ್ಮಾ?"

"ಗೋದಾಮು ನೋಡ್ಕೊಳ್ಳೋ ತಾರೀಖು ತಾತ ಸಾರ್. ಯಾವ ಸಾಮಾನಾದ್ರೂ ತಿರುಗಿಸಿ ತಾರೀಖು ನೋಡ್ಬೇಕು ಅವರಿಗೆ. ನನ್ನ ಮದುವೆ ಕಾಗದಾನೂ ತಿರುಗಿಸಿ ನೋಡಿದ್ರು!" ನಗಲು ಹೋದವಳು ಬಾಗಿಲತ್ತ ನೋಡಿದಳು. "ನಲವತ್ತು ವರ್ಷದಲ್ಲಿ ರಜೆ ಹಾಕದೋರು, ಇವತ್ತು ಬಂದಿಲ್ಲ."

ಹನ್ನೊಂದೂಕಾಲಿಗೆ ತಾತನ ಒಂದೇ ಕೋಣೆಯ ಮನೆ. ಅವರು ಚಪ್ಪಲಿ ಮೆಟ್ಟಿ ಹೊರಡುವುದರಲ್ಲಿದ್ದರು. ಮಂಚದ ಕೆಳಗೆ ಹಾಲುಪುಡಿಯ ಹನ್ನೊಂದು ಡಬ್ಬಿಗಳು, ಮುಖ ಮುಂದೆ ಮಾಡಿ.

"ನಾನೇ ಅಪ್ಪಾ. ಬೀಗದ ಕೈ ನನ್ನ ಹತ್ರಾನೇ ಇರೋದು."

"ಯಾಕೆ?"

ಕೇಳುತ್ತಲೇ ಇನ್‌ಸ್ಪೆಕ್ಟರ್ ಬಗ್ಗಿ ಒಂದು ಡಬ್ಬಿ ತಿರುಗಿಸಿದರು; ತಾರೀಖು ಕೆರೆದ ಜಾಗದಲ್ಲಿ ಚೀಟಿಯ ಚೂರು ಅಂಟಿಕೊಂಡಿತ್ತು.

"ಹಳೇ ತಾರೀಖಿನ ಮೇಲೆ ಹೊಸ ಚೀಟಿ ಹಾಕ್ಸಿದ್ರಾ ಮಾಲೀಕರು?"

"ಉಂಡ ಮನೆಯ ಜಂತೆ ಎಣಿಸಬಾರದು." ತಾತ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಅವರಪ್ಪ ಧರ್ಮವಂತರು. ತಾರೀಖು ಮುಗಿದ ಸಾಮಾನನ್ನ ಅವರೇ ಹೊತ್ಕೊಂಡು ಹೋಗಿ ತಿಪ್ಪೆಗೆ ಹಾಕೋರು. 'ಇದು ತೊಟ್ಟಿಲು ತೂಗೋ ಮನೆಗೆ ಹೋಗೋದು ಕಣೋ' ಅನ್ನೋರು. ಸಾಯುವಾಗ ನನ್ನ ಕೈ ಹಿಡ್ಕೊಂಡು, ಮಗನ್ನ ನೋಡ್ಕೋ ಅಂದ್ರು."

"ಚೀಟಿ ಅಂಟಿಸಿದ್ದು ಯಾರು?"

ತಾತ ಎರಡೂ ಅಂಗೈ ಮುಂದೆ ಚಾಚಿದರು. "ಇವು."

ತಾತನೇ ಮುಂದುವರಿಸಿದರು. "ಹನ್ನೆರಡು ಡಬ್ಬಿ ಮಾರಾಟ ಆಗಿತ್ತು. ಮನೆಮನೆ ತಿರುಗಿ ಹನ್ನೊಂದು ವಾಪಸ್ ತಂದೆ. ಇನ್ನೊಂದು ತಗೊಂಡೋಳು ಹೊಸಬಳು, ಹಸಿರು ಛತ್ರಿ ಹಿಡ್ಕೊಂಡಿದ್ಲು. ಅವಳನ್ನ ಹುಡುಕೋಕೇ ಹೊರಟಿದ್ದೆ. ನಿಮ್ಮಲ್ಲಿ ಜನ ಇದಾರೆ. ಹುಡುಕಿ ಅಪ್ಪಾ. ಅದಕ್ಕೆ ಬೇಕಾದ್ರೆ ಎಲ್ಲಾ ಬರ್ಕೊಳ್ಳಿ, ಅವನ ಹೆಸರೂ ಬರ್ಕೊಳ್ಳಿ."

ಸಂಜೆ ಐದೂ ಇಪ್ಪತ್ತಕ್ಕೆ ಹಸಿರು ಛತ್ರಿ ಸಿಕ್ಕಿತು. ಅದು ಆಸ್ಪತ್ರೆಯ ಮಕ್ಕಳ ವಾರ್ಡಿನ ಕಿಟಕಿಗೆ ತೂಗುಬಿದ್ದಿತ್ತು. ಮಗುವಿಗೆ ಎರಡು ದಿನದಿಂದ ವಾಂತಿಭೇದಿ. ಉಳಿಯುತ್ತದೆ ಎಂದು ಹೇಳಲು ವೈದ್ಯರಿಗೆ ಇನ್ನೂ ಧೈರ್ಯವಿರಲಿಲ್ಲ.

ಆರು ಗಂಟೆಗೆ ಮಾಲೀಕನ ಬಂಧನವಾಯಿತು. ಆರೂ ಹತ್ತಕ್ಕೆ ತಾತನದು. ಪ್ರೇರಣೆ ಏನೆಂದು ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಎರಡೇ ಸಾಲು ಬರೆದರು: ಎತ್ತಿ ಆಡಿಸಿದ ಹುಡುಗ ಹೇಳಿದಾಗ ಆರೋಪಿಗೆ ಒಂದು ಮಧ್ಯಾಹ್ನ 'ಇಲ್ಲ' ಎನ್ನಲು ಬಾಯಿ ಬರಲಿಲ್ಲ. ಆಮೇಲೆ ಮಾಡಿದ್ದೆಲ್ಲ ಆ ಒಂದು ಮಾತನ್ನು ತಡವಾಗಿ ಹೇಳಲು.

ಬಂಧನದ ಕಾಗದವನ್ನು ತಾತ ಕನ್ನಡಕ ಏರಿಸಿ ಓದಿದರು. "ಹದಿಮೂರು ಅಂತ ಬರ್ದಿದೀಯಲ್ಲಮ್ಮಾ. ಇವತ್ತು ಹದಿನಾಲ್ಕು."

ಹೆಡ್ ಕಾನ್‌ಸ್ಟೆಬಲ್ ತಿದ್ದಿದಳು.

"ಡಬ್ಬಿ ಸಿಕ್ತಾ?"

"ಸಿಕ್ತು ತಾತಾ."

"ಮುಚ್ಚಳ ತೆಗೆದಿದ್ರಾ?"

ಅವಳು ತಲೆಯೆತ್ತಲಿಲ್ಲ. ತಾತ ಸಹಿ ಹಾಕಿ, ಪೆನ್ನು ಮುಚ್ಚಿ, ಅದನ್ನು ಮೇಜಿನ ಅಂಚಿಗೆ ನೇರವಾಗಿ ಜೋಡಿಸಿಟ್ಟರು.