ತಟ್ಟೆಯ ಮೇಲಿನ ಸೊಪ್ಪು

ಚಿಕ್ಕಮ್ಮ ರೇಷ್ಮೆ ಹುಳುಮನೆಯ ಕಲ್ಲುಮೆಟ್ಟಿಲ ಮೇಲೆ ಬಿದ್ದಿದ್ದಳು. ತಲೆಯ ಕೆಳಗೆ ರಕ್ತ. ಉಸಿರಿರಲಿಲ್ಲ. ಪಕ್ಕದ ತೋಟದ ಆವಲಪ್ಪ ಕೂಗಿದಾಗಲೇ ನನಗೆ ಎಚ್ಚರ. ಮಧ್ಯಾಹ್ನ ಮೂರೂವರೆ.

ನನ್ನ ಮಂಚದ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಅದರಲ್ಲಿ ಒಂದು ಪುಟ.

"ಹುಳುವಿಗೆ ಸೊಪ್ಪು ಹಾಕಿ ಹೊರಬಂದ ಚಿಕ್ಕಮ್ಮನನ್ನು ನಾನೇ ತಳ್ಳಿದೆ. ನನ್ನ ಸೋಲು ಅವಳ ಕಣ್ಣಲ್ಲಿ ಕಾಣುತ್ತಿತ್ತು."

ನಾನು ಹಾಗೆಯೇ ಬರೆಯುವುದು. ಬರೆದ ನೆನಪು ಮಾತ್ರ ಇಲ್ಲ.

*

ಶ್ರೀನಿವಾಸಪುರದಿಂದ ನಮ್ಮೂರು ರಾಯಲ್ಪಾಡಿಗೆ ಸಬ್ ಇನ್‌ಸ್ಪೆಕ್ಟರ್ ಮುನಿಲಕ್ಷ್ಮಿ ಬಂದರು.

"ರಜೆಗೆ ಬಂದಿದೀರಂತೆ. ಡಬ್ಲಿನ್‌ನಲ್ಲಿ ಏನ್ ಕೆಲಸ ಚಂದನಾ?"

"ಕತೆ ಬರೀತೀನಿ. ಹೊಟ್ಟೆಪಾಡಿಗೆ ಹೋಟೆಲಲ್ಲಿ ಪಾತ್ರೆ ತೊಳೀತೀನಿ."

"ಕತೆ ಅಚ್ಚಾಗಿದಾವಾ?"

"ಒಂದೂ ಇಲ್ಲ. ಆರು ವರ್ಷದಿಂದ ಎಲ್ಲಾ ವಾಪಸ್."

"ನಿದ್ದೆ ಮಾತ್ರೆ ತಗೋತೀರಾ?"

ಹೌದೆಂದು ತಲೆಯಾಡಿಸಿದೆ; ಈ ಮಧ್ಯಾಹ್ನವೂ ನುಂಗಿಯೇ ಮಲಗಿದ್ದೆ. ಅಲ್ಲಿ ಒಮ್ಮೆ ಮಾತ್ರೆ ನುಂಗಿ ಮಲಗಿದವಳು ಎಚ್ಚರಾದಾಗ ಅಡುಗೆಮನೆಯಲ್ಲಿ ನಿಂತಿದ್ದೆ, ಕೈಯಲ್ಲಿ ಪೆನ್ನು. ಅದನ್ನೂ ಹೇಳಿದೆ.

"ಹಂಗಾದ್ರೆ ನೀವೇ ತಳ್ಳಿರಬೋದು ಅಂತೀರಾ?"

"ಗೊತ್ತಿಲ್ಲ ಮೇಡಂ."

ಅಂಗಳದಲ್ಲಿ ಸುರೇಶ್ ಅಳುತ್ತಿದ್ದ. ಚಿಕ್ಕಮ್ಮನ ಅಣ್ಣನ ಮಗ, ಕೋಲಾರ ಪೇಟೆಯಲ್ಲೇ ಬೆಳೆದವನು. ನನ್ನ ಕತೆಗಳನ್ನು ಓದಿ ಪತ್ರಿಕೆಗಳಿಗೆ ತಲುಪಿಸಿ, ವಾಪಸ್ ಬಂತೆಂದು ತಿಳಿಸುತ್ತಿದ್ದವನೂ ಅವನೇ. ಬೆಳಿಗ್ಗೆ ಬಂದು, ನರಸಾಪುರದ ಕಾರ್ಖಾನೆಯ ಶಿಫ್ಟ್‌ಗೆಂದು ಹತ್ತಕ್ಕೇ ಹೊರಟಿದ್ದ. ಸುದ್ದಿ ತಿಳಿದು ಮತ್ತೆ ಬಂದಿದ್ದ.

"ಅವಳನ್ನ ಗದರಬೇಡಿ ಮೇಡಂ," ಎಂದ. "ಪಾಪ, ಮೊದಲಿನ ಹಂಗಿಲ್ಲ ಅವಳು."

*

ಹುಳುಮನೆಯೊಳಗೆ ಬಿದಿರಿನ ತಟ್ಟೆಗಳ ತುಂಬ ಹಸಿ ಹಿಪ್ಪುನೇರಳೆ ಸೊಪ್ಪು. ಮುನಿಲಕ್ಷ್ಮಿ ಒಂದೆಲೆ ಎತ್ತಿದರು. ಕೆಳಗೆ ಸುಣ್ಣದ ಪುಡಿ. ಹುಳುಗಳು ತಲೆಯೆತ್ತಿ ಅಲುಗಾಡದೆ ಕುಳಿತಿದ್ದವು.

"ಇದೇನಮ್ಮಾ?"

"ನಾಲ್ಕನೇ ಜ್ವರ ಮೇಡಂ. ಬೆಳಿಗ್ಗೆಯಿಂದ ಕೂತಿದಾವೆ. ಪೊರೆ ಬಿಡೋ ತನಕ ಏನೂ ತಿನ್ನಲ್ಲ. ಚಿಕ್ಕಮ್ಮನೇ ಸುಣ್ಣ ಹಾಕಿದ್ಲು. ಈಗ ಸೊಪ್ಪು ಹಾಕಿದ್ರೆ ತೇವ ಆಗಿ ಹುಳ ಕೆಡ್ತಾವೆ."

"ನಮ್ಮನೇಲೂ ಹುಳ ಸಾಕ್ತಾರೆ. ನೀವು ಹಾಕ್ತಿದ್ರಾ?"

"ನಿದ್ದೆಗಣ್ಣಲ್ಲೂ ಹಾಕಲ್ಲ!"

ಅಂದ ಮೇಲೆ ನನಗೇ ಹೊಳೆಯಿತು. ಚಿಕ್ಕಮ್ಮ ಇವತ್ತು ಸೊಪ್ಪು ಹಾಕಿದಳೆನ್ನುವ ಆ ಪುಟ ನನ್ನದಲ್ಲ.

*

ಚಿಕ್ಕಮ್ಮನ ಟ್ರಂಕಿನಲ್ಲಿ ಒಂದು ವಾರಪತ್ರಿಕೆ ಸಿಕ್ಕಿತು. ನನ್ನ ಕತೆ. ಮೇಲೆ ಸುರೇಶನ ಹೆಸರು, ಫೋಟೊ, ಮೊದಲ ಬಹುಮಾನ. ಅಂಚಿನಲ್ಲಿ ಚಿಕ್ಕಮ್ಮನ ಸೊಟ್ಟ ಅಕ್ಷರ: "ಇದು ನಮ್ಮ ಚಂದನ ಬರೆದದ್ದು. ಸುರೇಶನನ್ನು ಕೇಳಬೇಕು."

ಮುನಿಲಕ್ಷ್ಮಿ ಅದನ್ನು ಅವನ ಮುಂದೆ ಹಿಡಿದರು.

"ಏನಪ್ಪಾ ಕತೆಗಾರ, ಇವತ್ತು ಶಿಫ್ಟ್‌ಗೇ ಹೋಗಿಲ್ವಂತೆ? ಫೋನ್ ಮಾಡಿ ಕೇಳ್ದೆ."

ಅವನು ಪತ್ರಿಕೆಯಿಂದ ಕಣ್ಣು ಕಿತ್ತು ಬಾಗಿಲತ್ತ ನೋಡಿದ.

"ನಿಮ್ಮತ್ತೆ ಕೇಳಿದ್ರು. ಚಂದನಂಗೆ ಹೇಳ್ತೀನಿ ಅಂದ್ರು. ನೀನು ತಳ್ಳಿದೆ. ಇವರು ಮಾತ್ರೆ ನುಂಗಿ ಮಲಗಿದ್ರು. ಆರು ವರ್ಷ ಇವರ ಕತೆ ಕದ್ದೋನಿಗೆ ಇವರ ಹಂಗೆ ಒಂದು ಪುಟ ಬರೆಯೋದು ಕಷ್ಟಾನಾ? ಬರೆದಿದ್ದು ನಿಜ ಕಾಣ್ಲಿ ಅಂತ ಸೊಪ್ಪೂ ಸುರಿದೆ. ಹುಳ ಸಾಕಿದ್ದಿದ್ರೆ ಸುರೀತಿರಲಿಲ್ಲ."

ಸುರೇಶನ ಅಳು ನಿಂತಿತ್ತು. ನನ್ನತ್ತ ತಿರುಗಿದ.

"ನಿನ್ನ ಹೆಸರಲ್ಲಿ ಬಂದಿದ್ರೆ ಯಾವನೇ ಓದ್ತಿದ್ದ ಅವನ್ನ?"

"ಚಿಕ್ಕಮ್ಮ ಹೆಸರು ನೋಡ್ಲಿಲ್ಲ ಕಣೋ," ಎಂದೆ. "ಓದಿದ್ಲು."